ಸಹಿಗೆ ಮುನ್ನ ಅರಿವು

(ಸಿದ್ದಾಪುರದಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಕಳೆದ ತಿಂಗಳು ಪೂಜ್ಯರು ಫೋನ್ ಮಾಡಿ, "ಎಂಜಿನಿಯರ್ರೇ, ಈ ಸಲ ನೀವು ಮಾತಾಡಬೇಕು" ಎಂದರು. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿಗೆ ಕಾವೇರಿ ನುಗ್ಗಿದ್ದರ ಬಗ್ಗೆಯೋ, ನಮ್ಮ ರಸ್ತೆ ಸೇತುವೆಗಳ ಬಗ್ಗೆಯೋ ಮಾತಾಡಲಿ ಎಂದು ಅವರ ಮನಸ್ಸಿನಲ್ಲಿ ಇದ್ದಿರಬಹುದು. ನಾನು ಬೇರೆ ವಿಷಯ ಕೇಳಿಕೊಂಡೆ. ಕ್ಯಾನ್ಸರ್ ಬಂದವರನ್ನು ಆಸ್ಪತ್ರೆಯಲ್ಲಿ ಸಂಶೋಧನೆಗೆ ಸೇರಿಸಿಕೊಳ್ಳುವಾಗ ನಾವು ಏನನ್ನು ಅರ್ಥ ಮಾಡಿಕೊಂಡು ಸಹಿ ಹಾಕುತ್ತೇವೆ, ಏನನ್ನು ಅರ್ಥ ಮಾಡಿಕೊಳ್ಳದೆ ಹಾಕುತ್ತೇವೆ ಎಂಬುದೇ ಆ ವಿಷಯ. ನಾನು ವೈದ್ಯನಲ್ಲ. ಆದರೆ ಸಹಿಯ ವಿಷಯದಲ್ಲಿ ನನಗೆ ಸ್ವಲ್ಪ ಅನುಭವ ಉಂಟು.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕೆಲಸ ಮಾಡಿದವನು ನಾನು. ಅಳತೆ ಪುಸ್ತಕದಲ್ಲಿ ಸ್ವತಃ ಟೇಪು ಹಿಡಿಯದೆ ಸಹಿ ಹಾಕಬೇಡ ಎಂದು ಕಿರಿಯ ಎಂಜಿನಿಯರುಗಳಿಗೆ ಹೇಳುತ್ತಿದ್ದೆ. ಟೆಂಡರ್ ಕರಾರಿನ ಪ್ರತಿ ಪುಟ ಓದದೆ ಸಹಿ ಮಾಡುವ ಗುತ್ತಿಗೆದಾರರನ್ನು ಬೈದಿದ್ದೇನೆ. ಅಂಥವನು ನನ್ನ ಸ್ವಂತ ತಮ್ಮನ ವಿಷಯದಲ್ಲಿ ಹನ್ನೊಂದು ಪುಟದ ಕಾಗದವನ್ನು ಐದು ನಿಮಿಷದಲ್ಲಿ ಮಗುಚಿ, ಕೊನೆಯ ಪುಟದಲ್ಲಿ ಸಾಕ್ಷಿಯೆಂದು ಸಹಿ ಹಾಕಿದೆ. ಅದನ್ನು ಹೇಳಿಕೊಳ್ಳಲೆಂದೇ ಇಲ್ಲಿ ನಿಂತಿದ್ದೇನೆ.

ತಮ್ಮ ಇಲ್ಲಿಯೇ ಹತ್ತಿರದಲ್ಲಿ ನಾಲ್ಕು ಎಕರೆ ಕಾಫಿ, ಮೆಣಸು ನೋಡಿಕೊಂಡಿದ್ದವನು. ಏಳನೇ ತರಗತಿಯವರೆಗೆ ಓದಿದ್ದ. ದಿನಾ ಪೇಪರ್ ಓದುತ್ತಿದ್ದ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಅವನ ಬಾಯಿಂದ ಇಳಿದದ್ದೇ ಇಲ್ಲ. ಕೆನ್ನೆಯ ಒಳಗೆ ಹುಣ್ಣಾಯಿತು, ಅದು ಕ್ಯಾನ್ಸರ್ ಎಂದಾಯಿತು, ಆಪರೇಷನ್ ಆಯಿತು. ಒಂದೂವರೆ ವರ್ಷದ ನಂತರ ಕತ್ತಿನಲ್ಲಿ ಮತ್ತೆ ಗಂಟು ಬಂತು. ಆಗ ಒಂದು ದೊಡ್ಡ ಆಸ್ಪತ್ರೆಯಲ್ಲಿ, "ಒಂದು ಸ್ಟಡಿ ನಡೀತಿದೆ, ಹೊಸ ಔಷಧಿ ಉಂಟು, ಸೇರ್ತೀರಾ?" ಎಂದು ಕೇಳಿದರು. ನಮ್ಮ ಕಿವಿಗೆ ಬಿದ್ದದ್ದು 'ಹೊಸ ಔಷಧಿ' ಎಂಬ ಮಾತು ಮಾತ್ರ. ಹೊರಗೆ ಬಂದು ತಮ್ಮನ ಹೆಂಡತಿಗೆ ನಾನೇ ಹೇಳಿದೆ: "ಪುಣ್ಯ ಮಾಡಿದ್ದೀಯ, ವಿದೇಶದ ಔಷಧಿ ಪುಕ್ಕಟೆ ಸಿಗ್ತದೆ."

ಮೂರನೆಯ ಸಲ ಹೋದಾಗ ಪಕ್ಕದ ಹಾಸಿಗೆಯವರಿಗೆ ಒಂದು ಬಾಟಲಿ ಹೆಚ್ಚು ಏರಿಸುವುದನ್ನು ತಮ್ಮ ನೋಡಿದ. ಅವರೂ ಅದೇ ಸ್ಟಡಿಯವರು. "ಅಣ್ಣ, ನಂಗೆ ಯಾಕೆ ಅದು ಕೊಡ್ತಿಲ್ಲ?" ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಲ್ಲಿದ್ದ ಹುಡುಗಿಯೊಬ್ಬಳು ನಮ್ಮದೇ ಕಾಗದದ ಪ್ರತಿ ತೆಗೆದು ತೋರಿಸಿದಳು. ಕನ್ನಡದಲ್ಲೇ ಬರೆದಿತ್ತು: ಸೇರಿದವರನ್ನು ಕಂಪ್ಯೂಟರ್ ಎರಡು ಗುಂಪು ಮಾಡುತ್ತದೆ, ಒಂದು ಗುಂಪಿಗೆ ಈಗ ಎಲ್ಲರಿಗೂ ಕೊಡುವ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಹೊಸ ಔಷಧ. ಕೆಳಗೆ ನನ್ನ ಸಹಿ ಇತ್ತು.

ನಾನು ತಮ್ಮನಿಗೆ ವಿವರಿಸಿದೆ. ಅವನು ನಂಬಲಿಲ್ಲ. ದುಡ್ಡು ಕೊಟ್ಟವರಿಗೆ ಒಂದು, ನಮಗೊಂದು ಎಂದು ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು. ಮುಂದಿನ ಎರಡು ಸರದಿಗೆ ಹೋಗಲೇ ಇಲ್ಲ. "ಹೋಗ್ಲಿ ಬಿಡಣ್ಣ" ಎಂದ. ಹೊಸ ಔಷಧವಂತೂ ಇರಲಿಲ್ಲ. ಸಿಗುತ್ತಿದ್ದ ಹಳೆಯ ಚಿಕಿತ್ಸೆಯೂ ತಪ್ಪಿತು. ಅವನು ತೀರಿಕೊಂಡು ಕೆಲವು ವರ್ಷಗಳಾದವು. ಆ ಎರಡು ಸರದಿಯಿಂದ ಜೀವ ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಆದರೆ ತನ್ನನ್ನು ಕಡೆಗಣಿಸಿದರು ಎಂಬ ನೋವನ್ನು ಹೊತ್ತು ಹೋದನಲ್ಲ, ಅದು ಬೇಡವಾಗಿತ್ತು. ಒಂದು ಗಂಟೆ ಕೂತು ಓದಿದ್ದರೆ ಆ ನೋವನ್ನು ನಾನು ತಪ್ಪಿಸಬಹುದಿತ್ತು.

ಆಮೇಲೆ ಓದತೊಡಗಿದೆ. ಓದಿ ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ.

ಕಾಂಕ್ರೀಟ್ ಹಾಕುವಾಗ ಅದರಲ್ಲೇ ಸ್ವಲ್ಪ ತೆಗೆದು 150 ಮಿಲಿಮೀಟರಿನ ಘನಗಳನ್ನು ಮಾಡಿ ಇಡುತ್ತೇವೆ. 28 ದಿನ ನೀರಿನಲ್ಲಿಟ್ಟು, ಆಮೇಲೆ ಯಂತ್ರದಲ್ಲಿ ಒಡೆಯುವವರೆಗೆ ಒತ್ತುತ್ತೇವೆ. ಘನಕ್ಕೆ ಅದರಿಂದ ಲಾಭವೇನೂ ಇಲ್ಲ, ಲಾಭವೆಲ್ಲ ಸೇತುವೆಗೆ. ಸಂಶೋಧನೆ ಎಂದರೆ ಮೂಲದಲ್ಲಿ ಇದೇ: ಮುಂದೆ ಬರುವವರಿಗಾಗಿ ಉತ್ತರ ಹುಡುಕುವುದು. ಚಿಕಿತ್ಸೆ ಎಂದರೆ ಎದುರಿಗಿರುವ ಒಬ್ಬ ರೋಗಿಗೆ ಒಳ್ಳೆಯದು ಯಾವುದೋ ಅದನ್ನು ಮಾಡುವುದು. ಒಂದೇ ಆಸ್ಪತ್ರೆ, ಒಂದೇ ಡಾಕ್ಟರು, ಅದೇ ಬಿಳಿ ಕೋಟು ಆದ್ದರಿಂದ ಇವೆರಡೂ ಒಂದೇ ಎಂದು ನಾವು ತಿಳಿಯುತ್ತೇವೆ. ಅಮೆರಿಕದ ಆಪಲ್‌ಬಾಮ್ ಎಂಬ ಮನೋವೈದ್ಯರು ಮತ್ತು ಅವರ ಸಂಗಡಿಗರು 1982ರಲ್ಲೇ ಈ ಗೊಂದಲಕ್ಕೆ ಒಂದು ಹೆಸರಿಟ್ಟರು. ಸಂಶೋಧನೆಯನ್ನು ಚಿಕಿತ್ಸೆಯೆಂದು ತಪ್ಪು ತಿಳಿಯುವುದು ಎಂಬುದು ಅದರ ಅರ್ಥ.

ಓದಿಲ್ಲದ ನಮ್ಮಂಥ ಹಳ್ಳಿಯವರಿಗೆ ಮಾತ್ರ ಹೀಗಾಗುತ್ತದೆಯೇ? ಇಲ್ಲ. 2001ರಲ್ಲಿ ಬೋಸ್ಟನ್ನಿನ ವೈದ್ಯರು ಕ್ಯಾನ್ಸರ್ ಪ್ರಯೋಗಗಳಿಗೆ ಸೇರಿದ್ದ 207 ಜನರನ್ನು ಪ್ರಶ್ನಿಸಿ ವರದಿ ಪ್ರಕಟಿಸಿದರು. ತಮಗೆ ವಿವರಿಸಿದ ರೀತಿ ತೃಪ್ತಿ ತಂದಿದೆ ಎಂದವರು ನೂರಕ್ಕೆ 90. ಆದರೆ ತಾವು ಪಡೆಯುತ್ತಿರುವುದು ಸಾಮಾನ್ಯವಾಗಿ ಕೊಡುವ ಚಿಕಿತ್ಸೆಯಲ್ಲ ಎಂಬುದು 74 ಜನಕ್ಕೆ ಗೊತ್ತಿರಲಿಲ್ಲ. ಅದು ಇನ್ನೂ ರುಜುವಾತಾಗಿಲ್ಲ ಎಂಬುದು 70 ಜನಕ್ಕೆ ಗೊತ್ತಿರಲಿಲ್ಲ. ಸೇರುವುದರಿಂದ ಅಪಾಯ ಹೆಚ್ಚಬಹುದು ಎಂಬುದು 63 ಜನಕ್ಕೆ ಗೊತ್ತಿರಲಿಲ್ಲ. ಅಂದರೆ ತಿಳಿದಿದ್ದೇವೆ ಎಂಬ ಸಮಾಧಾನ ಬೇರೆ, ತಿಳಿವಳಿಕೆ ಬೇರೆ. ನಾನು ಹನ್ನೊಂದು ಪುಟ ಮಗುಚಿದಾಗ ನನಗಿದ್ದದ್ದೂ ಆ ಸಮಾಧಾನವೇ.

ಔಷಧದ ಪ್ರಯೋಗಕ್ಕೆ ಹಂತಗಳಿವೆ. ಮೊದಲ ಹಂತದಲ್ಲಿ ಕೇಳುವ ಪ್ರಶ್ನೆ 'ಗುಣವಾಗುತ್ತದೆಯೇ' ಎಂಬುದಲ್ಲ. 'ಎಷ್ಟು ಕೊಟ್ಟರೆ ದೇಹ ತಡೆಯುತ್ತದೆ' ಎಂಬುದು. 2005ರಲ್ಲಿ ಪ್ರಕಟವಾದ ಒಂದು ಲೆಕ್ಕದಲ್ಲಿ, ಅಮೆರಿಕದ 460 ಮೊದಲ ಹಂತದ ಕ್ಯಾನ್ಸರ್ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ಗೆಡ್ಡೆ ಗಮನಾರ್ಹವಾಗಿ ಕುಗ್ಗಿದ್ದು ನೂರರಲ್ಲಿ ಸುಮಾರು 10 ಜನಕ್ಕೆ. ಔಷಧದ ವಿಷದಿಂದಲೇ ತೀರಿಕೊಂಡವರು ಇನ್ನೂರರಲ್ಲಿ ಒಬ್ಬರು. ಎರಡನೆಯ ಹಂತದಲ್ಲಿ ಔಷಧಕ್ಕೆ ಏನಾದರೂ ಗುಣ ಉಂಟೇ ಎಂದು ನೋಡುತ್ತಾರೆ. ಮೂರನೆಯದರಲ್ಲಿ ನೂರಾರು ಜನರನ್ನು ಸೇರಿಸಿ, ಈಗಿರುವ ಚಿಕಿತ್ಸೆಗಿಂತ ಹೊಸದು ಮೇಲೇ ಎಂದು ಹೋಲಿಸುತ್ತಾರೆ. ನನ್ನ ತಮ್ಮ ಸೇರಿದ್ದು ಅಂಥದ್ದಕ್ಕೆ.

ಹೋಲಿಸುವಾಗ ಯಾರಿಗೆ ಯಾವುದು ಎಂಬುದನ್ನು ಡಾಕ್ಟರು ಆರಿಸುವುದಿಲ್ಲ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹಂಚುತ್ತದೆ. ಇದು ಅನ್ಯಾಯದಂತೆ ಕಾಣುತ್ತದೆ. ಯೋಚಿಸಿ ನೋಡಿ: ಡಾಕ್ಟರೇ ಆರಿಸಿದರೆ ಗಟ್ಟಿಮುಟ್ಟಾದವರಿಗೆ ಹೊಸದನ್ನು ಕೊಟ್ಟು, ಸೋತವರಿಗೆ ಹಳೆಯದನ್ನು ಕೊಡಬಹುದು. ಆಗ ಗೆದ್ದದ್ದು ಔಷಧವೋ ರೋಗಿಯ ಕಸುವೋ ಹೇಗೆ ಗೊತ್ತಾಗಬೇಕು? ಇನ್ನೊಂದು ಮಾತು. ಚೀಟಿಯಲ್ಲಿ ಹಳೆಯ ಚಿಕಿತ್ಸೆ ಬಂದವನು ಸೋತವನಲ್ಲ. ಹೊಸದು ಮೇಲು ಎಂದು ಮೊದಲೇ ಗೊತ್ತಿದ್ದರೆ ಪ್ರಯೋಗ ಮಾಡುವುದೇ ತಪ್ಪಾಗುತ್ತಿತ್ತು. ಒಂದು ಗುಂಪಿಗೆ ಬರೀ ಸಕ್ಕರೆ ಗುಳಿಗೆ ಕೊಟ್ಟು ಸಾಯಲು ಬಿಡುತ್ತಾರೆ ಎಂಬ ಭಯವೂ ಜನರಲ್ಲಿ ಉಂಟು. ಒಳ್ಳೆಯ ಚಿಕಿತ್ಸೆ ಇರುವ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಹೋಲಿಕೆಯ ಗುಂಪಿಗೆ ಈಗಿರುವ ಚಿಕಿತ್ಸೆ ಇದ್ದೇ ಇರುತ್ತದೆ. ಇಷ್ಟನ್ನು ನಾನು ತಮ್ಮನಿಗೆ ಮೊದಲೇ ಹೇಳಿದ್ದರೆ ಸಾಕಿತ್ತು.

ಹಾಗಾದರೆ ಭಯಪಡುವವರೆಲ್ಲ ಮೂಢರೇ? ಅಲ್ಲ. ಭಯಕ್ಕೆ ಕಾರಣಗಳೂ ಇವೆ. 1976ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಒಂದು ಅಧ್ಯಯನ ಶುರು ಮಾಡಿತು. ಗರ್ಭಕಂಠದಲ್ಲಿ ಕ್ಯಾನ್ಸರಿಗೆ ಮುಂಚಿನ ಬದಲಾವಣೆ ಕಂಡ 1,158 ಹೆಣ್ಣುಮಕ್ಕಳಿಗೆ ಚಿಕಿತ್ಸೆ ಕೊಡದೆ, ಅದು ಹೇಗೆ ಬೆಳೆಯುತ್ತದೆ ಎಂದು ವರ್ಷಗಟ್ಟಲೆ ನೋಡುತ್ತಾ ಹೋದರು. 71 ಜನಕ್ಕೆ ಕ್ಯಾನ್ಸರ್ ಆಯಿತು. ಲಿಖಿತ ಒಪ್ಪಿಗೆ ಪಡೆದಿರಲಿಲ್ಲ, ಬಾಯಿಮಾತಿನ ಒಪ್ಪಿಗೆ ಇತ್ತು ಎಂದು ಆಮೇಲೆ ಹೇಳಿದರು. ಇದು ದೇಶಕ್ಕೆ ಗೊತ್ತಾದದ್ದು 1997ರಲ್ಲಿ.

ಇನ್ನೊಂದು ನಮ್ಮ ನೆರೆಯ ಕೇರಳದ್ದು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ 1999-2000ರಲ್ಲಿ ಬಾಯಿ ಕ್ಯಾನ್ಸರಿನ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳ ಗೆಡ್ಡೆಗೆ ಒಂದು ಹೊಸ ರಾಸಾಯನಿಕವನ್ನು ಚುಚ್ಚಿದರು. ಅದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಯೊಬ್ಬರ ಸಂಶೋಧನೆ. ಕೇಂದ್ರದ ಒಳಗಿನ ವೈದ್ಯರೊಬ್ಬರೇ ದನಿ ಎತ್ತಿದರು. 2001ರಲ್ಲಿ ಆ ವಿಶ್ವವಿದ್ಯಾಲಯ ತನಿಖೆ ಮಾಡಿ, ತನ್ನ ವಿಜ್ಞಾನಿ ಬೇಕಾದ ಅನುಮತಿ ಪಡೆದಿರಲಿಲ್ಲ ಎಂದು ಒಪ್ಪಿಕೊಂಡು, ಮನುಷ್ಯರ ಮೇಲಿನ ಸಂಶೋಧನೆಯ ಮುಂದಾಳತ್ವದಿಂದ ಅವರನ್ನು ದೂರವಿಟ್ಟಿತು. ಕೊಡಗಿನಿಂದ ಮೈಸೂರಿಗೆ, ಮಂಗಳೂರಿಗೆ, ಬೆಂಗಳೂರಿನ ಕಿದ್ವಾಯಿಗೆ ಹೋಗುವಂತೆ ತಲಶ್ಶೇರಿಗೂ ತಿರುವನಂತಪುರಕ್ಕೂ ಹೋಗುವವರು ನಾವು. ಇದು ದೂರದ ಕಥೆಯಲ್ಲ.

ಇಂಥವುಗಳಿಂದಲೇ ಕಾನೂನು ಬಿಗಿಯಾಯಿತು. 2009ರ ಜೂನ್‌ನಿಂದ ಔಷಧ ಪ್ರಯೋಗಗಳನ್ನು ಸರ್ಕಾರದ ಸಿಟಿಆರ್‌ಐ ಎಂಬ ನೋಂದಣಿಯಲ್ಲಿ ದಾಖಲಿಸುವುದು ಕಡ್ಡಾಯ. ಅದನ್ನು ಯಾರು ಬೇಕಾದರೂ ನೋಡಬಹುದು. ಮೊಬೈಲ್ ಬಳಸುವ ನಿಮ್ಮ ಮೊಮ್ಮಕ್ಕಳು ಹುಡುಕಿಕೊಡುತ್ತಾರೆ. 2013ರಲ್ಲಿ ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಒಪ್ಪಿಗೆ ಪಡೆಯುವುದನ್ನು ವಿಡಿಯೋ ಮಾಡಿ ಇಡಬೇಕು ಎಂದಿತು. ಈಗ ಅದು ದುರ್ಬಲ ವರ್ಗದವರನ್ನು ಹೊಚ್ಚಹೊಸ ಔಷಧದ ಪ್ರಯೋಗಕ್ಕೆ ಸೇರಿಸುವಾಗ ಕಡ್ಡಾಯ. ಈಗ ಜಾರಿಯಲ್ಲಿರುವುದು 2019ರ ನಿಯಮಗಳು. ಅವುಗಳ ಪ್ರಕಾರ ಪ್ರಯೋಗದಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆ, ಶಾಶ್ವತ ಹಾನಿ ಅಥವಾ ಸಾವಾದರೆ ಪರಿಹಾರ.

ಆ ಪರಿಹಾರಕ್ಕೆ ಒಂದು ಸೂತ್ರ ಉಂಟು. ಎಂಜಿನಿಯರ್ ಆದ್ದರಿಂದ ಲೆಕ್ಕ ಹಾಕಿ ನೋಡಿದೆ. ಮೂಲಧನ 8 ಲಕ್ಷ. ಅದನ್ನು ವಯಸ್ಸಿನ ಅಂಶದಿಂದಲೂ, ರೋಗಿ ಮೊದಲೇ ಎಷ್ಟು ಅಪಾಯದಲ್ಲಿದ್ದ ಎಂಬ ಅಂಶದಿಂದಲೂ ಗುಣಿಸುತ್ತಾರೆ. ಆರೋಗ್ಯವಂತನಿಗೆ ಆ ಅಂಶ 4. ಆರು ತಿಂಗಳಿಗಿಂತ ಹೆಚ್ಚು ಬದುಕಲಾರ ಎಂದು ಅಂದಾಜಿಸಿದ ರೋಗಿಗೆ ಅರ್ಧ. 65 ದಾಟಿದ ಅಂಥ ರೋಗಿ ಪ್ರಯೋಗದ ಕಾರಣದಿಂದ ತೀರಿಕೊಂಡರೆ 4 ಲಕ್ಷ. ಅದೇ ವಯಸ್ಸಿನ ಆರೋಗ್ಯವಂತನಾದರೆ 32 ಲಕ್ಷ. ಇದು ಸರಿಯೋ ತಪ್ಪೋ ಎಂದು ವಾದಿಸಲು ಇದು ಸಮಯವಲ್ಲ. ಹೀಗೊಂದು ಹಕ್ಕು ಇದೆ ಎಂಬುದೇ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ನಾನು ಪ್ರಯೋಗಗಳ ವಿರೋಧಿಯಲ್ಲ. ಅದಕ್ಕೊಂದು ಉದಾಹರಣೆ ಕೊಡುತ್ತೇನೆ. ಬಾಯಿ ಕ್ಯಾನ್ಸರ್ ಆರಂಭದಲ್ಲೇ ಸಿಕ್ಕಿ, ಕತ್ತಿನಲ್ಲಿ ಗಂಟು ಕಾಣದಿದ್ದಾಗ, ಬಾಯಿಯ ಆಪರೇಷನ್ ಜೊತೆಗೇ ಕತ್ತಿನ ಗ್ರಂಥಿಗಳನ್ನೂ ತೆಗೆಯಬೇಕೇ, ಅಥವಾ ಗಂಟು ಬಂದ ಮೇಲೆ ತೆಗೆದರೆ ಸಾಕೇ? ಐವತ್ತು ವರ್ಷ ವೈದ್ಯರು ಜಗಳವಾಡಿದ ಪ್ರಶ್ನೆ ಇದು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2004ರಿಂದ ಹತ್ತು ವರ್ಷ ಪ್ರಯೋಗ ನಡೆಸಿದರು. ಅರ್ಧ ಜನಕ್ಕೆ ಮೊದಲೇ ತೆಗೆದರು, ಉಳಿದವರಿಗೆ ಕಾದು ನೋಡಿದರು. 500 ರೋಗಿಗಳ ಫಲಿತಾಂಶ 2015ರಲ್ಲಿ ಹೊರಬಂತು. ಮೂರು ವರ್ಷದ ನಂತರ ಬದುಕಿದ್ದವರು, ಮೊದಲೇ ತೆಗೆದ ಗುಂಪಿನಲ್ಲಿ ನೂರಕ್ಕೆ 80, ಕಾದವರಲ್ಲಿ 67.5. ಎಂಟು ಜನಕ್ಕೆ ಮೊದಲೇ ತೆಗೆದರೆ ಒಂದು ಜೀವ ಉಳಿಯುತ್ತದೆ ಎಂದಾಯಿತು. ಇದರಲ್ಲಿ ಹೊಸ ಔಷಧವೂ ಇರಲಿಲ್ಲ, ಮಾರುವ ಸರಕೂ ಇರಲಿಲ್ಲ. ಇಂದು ಎಷ್ಟೋ ದೇಶಗಳ ವೈದ್ಯರು ಇದನ್ನು ಅನುಸರಿಸುತ್ತಾರೆ. ಅದೇ ಆಸ್ಪತ್ರೆಯವರು ಮುಂದುವರಿದ ಬಾಯಿ-ಗಂಟಲು ಕ್ಯಾನ್ಸರಿಗೆ ದುಬಾರಿಯಲ್ಲದ ಎರಡು ಮಾತ್ರೆಗಳನ್ನು ಸಿಸ್‌ಪ್ಲಾಟಿನ್ ಎಂಬ ಚುಚ್ಚುಮದ್ದಿನೊಡನೆ ಹೋಲಿಸಿ 2020ರಲ್ಲಿ ಪ್ರಕಟಿಸಿದರು. 422 ರೋಗಿಗಳಲ್ಲಿ ಮಾತ್ರೆಯವರು ಸರಾಸರಿ ಏಳೂವರೆ ತಿಂಗಳು, ಚುಚ್ಚುಮದ್ದಿನವರು ಆರು ತಿಂಗಳು ಬದುಕಿದರು. ವ್ಯತ್ಯಾಸ ಚಿಕ್ಕದು. ಆದರೆ ಮನೆಯಲ್ಲೇ ನುಂಗಬಹುದಾದ ಮಾತ್ರೆ ಬಡವರಿಗೆ ದೊಡ್ಡ ವಿಷಯ.

ಆ ಕತ್ತಿನ ಪ್ರಯೋಗದಲ್ಲಿ ಕಾದು ನೋಡಿದ ಗುಂಪಿನವರನ್ನು ನಾನು ಎಷ್ಟೋ ಸಲ ನೆನೆಯುತ್ತೇನೆ. ಅವರಿಂದ ನಾವು ಕಲಿತೆವು. ತಿಳಿದು ಒಪ್ಪಿ ಸೇರಿದವರಾದರೆ ಅದನ್ನು ದಾಸೋಹವೆಂದು ಕರೆಯಲು ನನಗೆ ಅಳುಕಿಲ್ಲ. ತಿಳಿಯದೆ ಸೇರಿಸಿಕೊಂಡರೆ ಅದಕ್ಕೆ ಆ ಹೆಸರು ಸಲ್ಲದು. ಕೊಡುವವನಿಗೆ ತಾನು ಏನು ಕೊಡುತ್ತಿದ್ದೇನೆ ಎಂಬ ಅರಿವು ಬೇಡವೇ?

ಈಗ ನಮ್ಮ ಮನೆಗಳ ಒಂದು ತಪ್ಪಿಗೆ ಬರುತ್ತೇನೆ. ಕ್ಯಾನ್ಸರ್ ಎಂದು ಗೊತ್ತಾದ ತಕ್ಷಣ ನಾವು ಮೊದಲು ಮಾಡುವ ಕೆಲಸ, ಡಾಕ್ಟರ ಬಳಿ ಹೋಗಿ "ಅವರಿಗೆ ಹೇಳಬೇಡಿ" ಎನ್ನುವುದು. 'ಗೆಡ್ಡೆ', 'ಸಣ್ಣ ಗಂಟು' ಎಂದು ತೇಲಿಸುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ. ಆದರೆ ರೋಗದ ಹೆಸರೇ ಗೊತ್ತಿಲ್ಲದವರು ಆ ರೋಗದ ಪ್ರಯೋಗಕ್ಕೆ ಒಪ್ಪಿಗೆ ಕೊಡುವುದು ಹೇಗೆ? ಅದರಲ್ಲೂ ಹೆಣ್ಣುಮಕ್ಕಳ ಪರವಾಗಿ ಗಂಡ ಮಾತಾಡುತ್ತಾನೆ, ಮಗ ಮಾತಾಡುತ್ತಾನೆ. ಸಹಿ ಮಾತ್ರ ಅವರದ್ದು. ಹೆಣ್ಣು ಗಂಡು ಸಮ ಎಂದು ವೇದಿಕೆಯಲ್ಲಿ ಹೇಳುವ ನಾವು ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಬಿಟ್ಟು ಒಳಗೆ ಹೋಗುತ್ತೇವೆ. ದೇಹ ಅವರದ್ದು, ತೀರ್ಮಾನ ಅವರದ್ದು.

ಇನ್ನು ಲೈನ್ ಮನೆಗಳಲ್ಲಿರುವ ನಮ್ಮ ತೋಟದ ಕಾರ್ಮಿಕರು. ತಮಿಳಿನವರು, ಮಲಯಾಳದವರು, ಎರವರು, ಈಗ ಅಸ್ಸಾಮಿನವರೂ ಇದ್ದಾರೆ. ಹೋದ ವರ್ಷ ಒಬ್ಬ ತಾಯಿ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಎಂಜಿನಿಯರ್ ಸಾರ್, ಇದರಲ್ಲಿ ಹೆಬ್ಬೆಟ್ಟು ಒತ್ತಿದರೆ ಮಾತ್ರ ಔಷಧಿ ಕೊಡೋದಂತೆ, ಹೌದಾ?" ಎಂದರು. ಓದಿದೆ. ಹಾಗೆಲ್ಲೂ ಇರಲಿಲ್ಲ. ಸೇರದಿದ್ದರೂ ಸಾಮಾನ್ಯ ಚಿಕಿತ್ಸೆ ಸಿಗುತ್ತದೆ ಎಂದೇ ಇತ್ತು. ಬಿಪಿಎಲ್ ಕಾರ್ಡಿದ್ದ ಅವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ಅವಕಾಶವೂ ಇತ್ತು. ಮಧ್ಯಾಹ್ನದವರೆಗೆ ಕೂತು ಒಂದೊಂದೇ ವಾಕ್ಯ ವಿವರಿಸಿದೆ. ಕೊನೆಗೆ ಅವರು, "ನನ್ನಂಥೋರಿಗೆ ಮುಂದೆ ಪ್ರಯೋಜನ ಆಗೋದಾದರೆ ಸೇರ್ತೇನೆ, ಆದರೆ ತಿಂಗಳಿಗೆ ಎರಡು ಸಲ ಬರೋಕೆ ಬಸ್ಸಿನ ದುಡ್ಡು ಯಾರು ಕೊಡ್ತಾರೆ ಕೇಳಬೇಕು" ಎಂದರು. ಹನ್ನೊಂದು ಪುಟಕ್ಕೆ ಸಹಿ ಹಾಕಿದ ನನಗೆ ಹೊಳೆಯದ ಪ್ರಶ್ನೆ ಅದು.

ಆದ್ದರಿಂದ ನನ್ನ ವಿನಂತಿ. ಯಾರಾದರೂ ನಿಮ್ಮನ್ನು ಸ್ಟಡಿಗೆ ಸೇರಿ ಎಂದರೆ ಬೇಡ ಎಂದು ಓಡಬೇಡಿ, ಪುಣ್ಯ ಎಂದು ಸಹಿ ಹಾಕಲೂಬೇಡಿ. ಕಾಗದವನ್ನು ಮನೆಗೆ ತನ್ನಿ. ಇಷ್ಟು ಕೇಳಿ:

ಇದು ನನ್ನ ಚಿಕಿತ್ಸೆಯೇ, ಸಂಶೋಧನೆಯೇ? ಎಷ್ಟನೆಯ ಹಂತ?

ಸೇರದಿದ್ದರೆ ನನಗೆ ಯಾವ ಚಿಕಿತ್ಸೆ ಸಿಗುತ್ತದೆ?

ಯಾರಿಗೆ ಯಾವುದು ಎಂದು ಚೀಟಿಯಿಂದ ಹಂಚುತ್ತೀರಾ? ನನಗೆ ಹೊಸದು ಬಾರದೆಯೂ ಇರಬಹುದೇ?

ಹೆಚ್ಚಿನ ಅಪಾಯವೇನು? ಹೆಚ್ಚಿಗೆ ಎಷ್ಟು ಸಲ ರಕ್ತ ಕೊಡಬೇಕು, ಎಷ್ಟು ಸಲ ಬರಬೇಕು? ಓಡಾಟದ ಖರ್ಚು ಯಾರದ್ದು?

ಹಾನಿಯಾದರೆ ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಯಾರಿಗೆ ಫೋನ್ ಮಾಡಬೇಕು?

ಮಧ್ಯದಲ್ಲಿ ಬಿಡಬಹುದೇ? ಬಿಟ್ಟರೆ ಚಿಕಿತ್ಸೆ ನಿಲ್ಲುತ್ತದೆಯೇ?

ಸಿಟಿಆರ್‌ಐ ನಂಬರ್ ಏನು? ನೈತಿಕ ಸಮಿತಿಯ ಫೋನ್ ಯಾವುದು?

ಎಲ್ಲ ಕೇಳಿದ ಮೇಲೆ, ನಿಮಗೆ ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಡಾಕ್ಟರಿಗೇ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಕಾಗದ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ಅದು ನಿಯಮ. ಓದಲು ಬಾರದವರಿಗೆ, ಪ್ರಯೋಗಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರು ಮಾತುಕತೆ ಮುಗಿಯುವವರೆಗೂ ಜೊತೆಗಿರಬೇಕು. ಅದೂ ನಿಯಮ. ಸಾಕ್ಷಿಯೆಂದರೆ ಕೊನೆಯ ಪುಟದ ಸಹಿಗಾರನಲ್ಲ. ಇದನ್ನು ನಾನು ಕಲಿತದ್ದು ತಡವಾಗಿ.

ಪೂಜ್ಯರಲ್ಲಿ ಒಂದು ಬಿನ್ನಹ. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯಲ್ಲಿ ಕನಿಷ್ಠ 7 ಜನ ಇರಬೇಕು, ಅರ್ಧದಷ್ಟಾದರೂ ಆ ಸಂಸ್ಥೆಯ ಹೊರಗಿನವರಾಗಿರಬೇಕು. ಅದರಲ್ಲಿ ಜನಸಾಮಾನ್ಯರೊಬ್ಬರು ಬೇಕು, ಒಬ್ಬ ಮಹಿಳೆ ಬೇಕು, ಕಾನೂನು ತಿಳಿದವರು ಬೇಕು. ಸಮಾಜ ವಿಜ್ಞಾನಿ, ಸೇವಾ ಸಂಸ್ಥೆಯವರು, ತತ್ತ್ವಶಾಸ್ತ್ರ ಅಥವಾ ಧರ್ಮಶಾಸ್ತ್ರ ಬಲ್ಲವರು, ಇಂಥವರಲ್ಲಿ ಒಬ್ಬರು ಬೇಕು. ಮಠಗಳು ನಡೆಸುವ ಕಾಲೇಜು, ಆಸ್ಪತ್ರೆಗಳು ನಮ್ಮ ನಾಡಿನಲ್ಲಿ ಎಷ್ಟೋ ಇವೆ. ಆ ಕುರ್ಚಿಗಳಲ್ಲಿ ಬರೀ ಹಾಜರಿ ಹಾಕುವವರು ಕೂರದೆ, ಬಡ ರೋಗಿಯ ಪರವಾಗಿ ಪ್ರಶ್ನೆ ಕೇಳುವವರು ಕೂರುವಂತಾಗಲಿ. ನಮ್ಮ ಈ ಗೋಷ್ಠಿಯಲ್ಲಿ ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ನರ್ಸಮ್ಮನವರು ಇದ್ದೀರಿ. ತಿಂಗಳಿಗೊಂದು ದಿನ ಇಲ್ಲಿ ಕೂತು ಇಂಥ ಕಾಗದಗಳನ್ನು ಓದಿ ಹೇಳಿದರೆ ಸಾಕು. ಸೇರು, ಬಿಡು ಎಂದು ಹೇಳುವುದು ನಮ್ಮ ಕೆಲಸವಲ್ಲ. ಓದಿ ಅರ್ಥ ಹೇಳುವುದಷ್ಟೇ ಕೆಲಸ. ಮುಂದಿನ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಇಲ್ಲಿಗೆ ಬಂದು ಕೂರುತ್ತೇನೆ. ಮಲಯಾಳ, ತಮಿಳು ಬಲ್ಲವರು ಇಬ್ಬರು ಜೊತೆಗೆ ಬಂದರೆ ಉಪಕಾರ.

ನನ್ನ ತಮ್ಮನಿಗೆ ಆ ಒಂದು ಗಂಟೆ ಕೊಡಲಿಲ್ಲ. ಇನ್ನೊಬ್ಬರ ತಮ್ಮನಿಗೆ ಕೊಡೋಣ.